ನಾಲ್ಕು ಬೆರಳು ಆಚೆಗೆ

ಕುರುಗೋಡಿನ ಬೆಟ್ಟದಲ್ಲಿ ಬಂಡೆಗಳು ಹೀಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದಕ್ಕೆ ಹುಲುಗೇಶನ ಅಜ್ಜಿ ಒಂದು ಕಾರಣ ಹೇಳುತ್ತಿದ್ದಳು. ಹಿಂದೆ ಇಬ್ಬರು ರಕ್ಕಸ ಅಣ್ಣತಮ್ಮಂದಿರು ಇಡೀ ಗುಡ್ಡವನ್ನು ಒಂದು ಅಡ್ಡೆಗೆ ನೇತುಹಾಕಿಕೊಂಡು, ಆ ತುದಿಗೊಬ್ಬ ಈ ತುದಿಗೊಬ್ಬ ಹೆಗಲು ಕೊಟ್ಟು ಹೊಳೆಯ ಕಡೆ ಹೊರಟಿದ್ದರಂತೆ. ನಡುದಾರಿಯಲ್ಲಿ ಒಬ್ಬ ಹೆಗಲು ಕೊಡವಿದ. ಗುಡ್ಡ ಬಿದ್ದು ಚೂರುಚೂರಾಯಿತು. "ಯಾರಬೇ ಕೊಡವಿದ್ದು, ಅಣ್ಣನೋ ತಮ್ಮನೋ" ಎಂದು ಕೇಳಿದರೆ ಅಜ್ಜಿ ಎಲೆಅಡಿಕೆ ಉಗುಳಲು ಎದ್ದು ಹೋಗುತ್ತಿದ್ದಳು.

ಈಗ ನಲವತ್ತರ ಹತ್ತಿರ ಬಂದ ಹುಲುಗೇಶ ಅದೇ ಬಂಡೆಗಳ ನಡುವೆ ಅಡ್ಡೆ ಹೊತ್ತು ಏರುತ್ತಿದ್ದ. ಅವನು ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲಿ. ಶಿವರಾತ್ರಿ ಕಳೆದು ಗಿರಣಿಯಲ್ಲಿ ಕೆಲಸ ಸಡಿಲವಾದಾಗ ಅಲ್ಲಿನ ಮೂಕಪ್ಪ ಮೇಸ್ತ್ರಿ ಎಂಟು ಜನರ ತಂಡ ಕಟ್ಟಿಕೊಂಡು ಇಲ್ಲಿಗೆ ಬಂದಿದ್ದ. ಬಳ್ಳಾರಿಯಲ್ಲಿ ಮನೆಗಳ ನಕ್ಷೆ ಬರೆಯುವ ಸಮ್ರಾಟ್ ಎಂಬವನಿಗೆ ಬೆಟ್ಟದ ಮೇಲೊಂದು ಮನೆ ಬೇಕಾಗಿತ್ತು. ಸಿಮೆಂಟಿಲ್ಲ, ಇಟ್ಟಿಗೆಯಿಲ್ಲ. ದುಂಡನೆಯ ಮರದ ದಿಮ್ಮಿಗಳನ್ನೇ ಒಂದರ ಮೇಲೊಂದು ಮಲಗಿಸಿ, ಮೂಲೆಗಳಲ್ಲಿ ಕಚ್ಚು ಕಡಿದು ಕೂಡಿಸಿದ ಹಳೆಯ ಕಾಲದ ಮರದ ಮನೆ. ಲಾರಿ ದಿಮ್ಮಿಗಳನ್ನು ಬುಡದ ರಸ್ತೆಯಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಮೇಲಕ್ಕೆ ಜೆಸಿಬಿ ನುಗ್ಗುವಷ್ಟು ಜಾಗವಿರಲಿಲ್ಲ; ಮನುಷ್ಯನ ಹೆಗಲೇ ಆಗಬೇಕಿತ್ತು.

"ಸತ್ತ ಮ್ಯಾಲೆ ಹೆಂಗೂ ಕಟ್ಟಿಗಿ ನಡುವ ಮಲಗೋದೈತಿ," ಎಂದಿದ್ದ ಮಾರೇಶ ಮೊದಲ ದಿನ. "ಈ ಸಾಹೇಬ್ರು ಈಗ್ಲೇ ರೂಢಿ ಮಾಡ್ಕೊಳ್ಳಾಕತ್ಯಾರ."

ಮಾರೇಶ ಹುಲುಗೇಶನ ಜೋಡಿ. ದಿಮ್ಮಿಗೆ ನಾಲ್ಕು ಕಡೆ ಹಗ್ಗ ಬಿಗಿದು, ಒಂದೊಂದು ಹಗ್ಗಕ್ಕೆ ಒಂದೊಂದು ಬಿದಿರಿನ ಅಡ್ಡೆ ತೂರಿಸಿ, ಅಡ್ಡೆಯ ಎರಡು ತುದಿಗೆ ಇಬ್ಬರು ನಿಲ್ಲುತ್ತಾರೆ. ಆ ಇಬ್ಬರು ಜೋಡಿ. ಹೊಸಬರನ್ನು ಮೂಕಪ್ಪ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಹೆಗಲ ಮೇಲೆ ಅಂಗೈ ಅಡ್ಡ ಇಟ್ಟು ಎತ್ತರ ನೋಡುತ್ತಿದ್ದ. ಅಂಗೈ ಓರೆಯಾದರೆ ಜೋಡಿ ಕೂಡುವುದಿಲ್ಲ. ಹುಲುಗೇಶ, ಮಾರೇಶರ ಮೇಲೆ ಅವನ ಅಂಗೈ ನೀರಿನ ಹಾಗೆ ಸಮನಾಗಿ ಮಲಗಿ ಹನ್ನೆರಡು ವರ್ಷವಾಗಿತ್ತು. "ನಿನ್ನ ಹೆಣ್ತಿಗಿಂತ ನಿನ್ನ ಉಸ್ರು ನಂಗ ಚೆಂದ ಗೊತ್ತಲೇ ಹುಲುಗ್ಯಾ" ಎನ್ನುತ್ತಿದ್ದ ಮಾರೇಶ.

ಅಡ್ಡೆಯ ಕೆಲಸದಲ್ಲಿ ನೇಮ ಒಂದೇ. ಹಗ್ಗ ಅಡ್ಡೆಯ ನಟ್ಟನಡುವೆ ಕೂಡಬೇಕು. ನಾಲ್ಕು ಬೆರಳು ಆಚೆಗೆ ಸರಿದರೂ ಭಾರವೆಲ್ಲ ಆಚೆಯವನ ಕಡೆ ವಾಲುತ್ತದೆ. ಅವರ ಅಡ್ಡೆಗೆ ಹಗ್ಗ ಹಾಕುವವನು ಯಾವಾಗಲೂ ಹುಲುಗೇಶನೇ. ಆ ಹೊತ್ತಿಗೆ ಮಾರೇಶ ಅತ್ತ ತಿರುಗಿ, ಟವಲು ಮಡಚಿ ಹೆಗಲ ಮೇಲಿಟ್ಟುಕೊಳ್ಳುತ್ತಿದ್ದ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಅವನು ಗಂಟಿನ ಕಡೆ ನೋಡಿದ್ದಿಲ್ಲ.

ಹಿಂದಿನ ದೀಪಾವಳಿಗೆ ಗಿರಣಿಯಲ್ಲಿ ಭತ್ತದ ಚೀಲಗಳ ರಾಶಿಯಿಂದ ಜಾರಿದಾಗ ಹುಲುಗೇಶನ ಬಲಭುಜದೊಳಗೆ ಏನೋ ಚಟ್ ಎಂದಿತ್ತು. ಅವನು ಯಾರಿಗೂ ಹೇಳಲಿಲ್ಲ; ಗಿರಣಿಯ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಹೇಗೋ ದಿನ ದೂಡಿದ. ಹೆಗಲು ಹೋದ ಹಮಾಲಿಯನ್ನು ಗಿರಣಿಯಲ್ಲಿ ಚೀಲ ಹೊಲಿಯಲು ಕೂಡಿಸುತ್ತಾರೆ. ಅವನ ಜೋಡಿಯನ್ನು ಬೇರೆಯವನಿಗೆ ಕೊಡುತ್ತಾರೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದನೋ ಅವನಿಗೇ ತಿಳಿಯದು. ಬೆಟ್ಟದಲ್ಲಿ ಮೊದಲ ದಿನ ಎರಡನೇ ದಿಮ್ಮಿಗೇ ನೋವಿನಿಂದ ಕಣ್ಣು ಕತ್ತಲಿಟ್ಟಿತು. ಮೂರನೆಯದಕ್ಕೆ ಹಗ್ಗ ಹಾಕುವಾಗ ಅವನ ಕೈ ತಾನೇ ಅದನ್ನು ನಾಲ್ಕು ಬೆರಳು ಮಾರೇಶನ ಕಡೆ ನೂಕಿತು. ಇದೊಂದಕ್ಕೆ ಮಾತ್ರ, ನಾಳೆ ಹೇಳಿಬಿಡುತ್ತೇನೆ ಎಂದುಕೊಂಡ. ನಾಳೆ ಬಂತು. ಮಾರೇಶ ಏನೋ ನಗೆಮಾತು ಹೇಳಿದ, ಎಲ್ಲರೂ ನಕ್ಕರು, ಹೇಳಬೇಕಾದ ಮಾತು ಆ ನಗುವಿನಡಿ ಸಿಕ್ಕಿಕೊಂಡು ಹಾಗೇ ಉಳಿಯಿತು.

ಒಂದು ವಾರ ಕಳೆಯುವಷ್ಟರಲ್ಲಿ ನಗೆಮಾತೇ ಕಡಿಮೆಯಾಯಿತು. ಏರಿನಲ್ಲಿ ಮೊದಲು "ಇಳಸ್ರಪಾ, ಒಂಚೂರು ನಿಲ್ಲೋಣು" ಎನ್ನುವವನು ಮಾರೇಶನಾದ. ಹುಡುಗರು ಕಾಡಿಸಿದರೆ "ವಯಸ್ಸಾತಲೇ ನಂಗ" ಎಂದು ಬೆವರು ಒರೆಸಿಕೊಳ್ಳುತ್ತಿದ್ದ. ಒಂದು ಸೋಮವಾರ ರಜೆ ಹಾಕಿ ಹಲಕುಂದಿಯ ಮಠಕ್ಕೆ ಹೋಗಿ ತೋಳಿಗೆ ಕರಿದಾರ ಕಟ್ಟಿಸಿಕೊಂಡು ಬಂದ. ಅವನ ಹೆಂಡತಿ ಕೊಟ್ರಮ್ಮ ಬುತ್ತಿಯ ಡಬ್ಬಿಯಲ್ಲಿ ಅಂಟಿನುಂಡೆ ಕಳಿಸತೊಡಗಿದಳು.

"ನೋಡಲೇ, ಬಾಣಂತಿ ಮಾಡಿಟ್ಟಾಳ ನನ್ನ," ಎಂದು ನಗುತ್ತಾ ಮಾರೇಶ ಒಂದನ್ನು ಹುಲುಗೇಶನ ಕೈಗೆ ಹಾಕುತ್ತಿದ್ದ. "ತಿನ್ನು. ನನ್ನ ಭಾರ ಎಲ್ಲಾ ನಿನ್ ಮ್ಯಾಲ ಬೀಳಾಕತ್ತೈತಿ ಅನಸ್ತೈತಿ."

ಹುಲುಗೇಶ ತಿಂದ. ತುಪ್ಪ, ಕೊಬ್ಬರಿ, ಬೆಲ್ಲ. ನುಂಗಲು ನೀರು ಬೇಕಾಯಿತು.

ಗೋಡೆಗಳು ನಿಂತವು. ಕೊನೆಗೆ ಉಳಿದದ್ದು ಮಾಡು ಹೊರುವ ನಡುತೊಲೆ. ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಗಾಳಿಗೆ ಉರುಳಿದ್ದ ಹಳೆಯ ಬೇವಿನ ಮರವನ್ನೇ ಸಮ್ರಾಟ್ ಅದಕ್ಕೆಂದು ತರಿಸಿದ್ದ. ಉಳಿದ ದಿಮ್ಮಿಗಳಿಗಿಂತ ಒಂದೂವರೆ ಪಟ್ಟು ಭಾರ. ಬೆಳಗಿನ ತಂಪಿನಲ್ಲಿ ಎಲ್ಲರೂ ಅದರ ಸುತ್ತ ನಿಂತಿದ್ದಾಗ ಮಾರೇಶ ಹುಲುಗೇಶನನ್ನು ಪಕ್ಕಕ್ಕೆ ಕರೆದ.

"ಇದೇ ಕಡೀದು ನಂದು," ಎಂದ. "ಮೇಸ್ತ್ರಿಗೆ ಹೇಳೀನಿ. ಇನ್ಮ್ಯಾಲೆ ಗಿರಣ್ಯಾಗ ಚೀಲ ಹೊಲಿಯಾಕ ಕುಂದರ್ತೀನಿ. ನಿಂಗ ಬ್ಯಾರೆ ಜೋಡಿ ನೋಡ್ತಾನ."

"ಯಾಕಲೇ?"

"ಮೈಯಾಗ ಕಸುವಿಲ್ಲಪಾ. ನಿನ್ನ ಎಳದಾಡಿಸಿ ನಾ ಹೊರೂದು ಸರಿ ಅಲ್ಲ. ನೀನು ಬಾಯಿಬಿಟ್ಟು ಅನ್ನಾಂಗಿಲ್ಲ, ನನಗ ಗೊತ್ತಾಕ್ಕೈತಿ."

ಹೇಳಲು ಅದೇ ಹೊತ್ತು. ಅಷ್ಟರಲ್ಲಿ "ಹಗ್ಗ ಹಾಕ್ರಿ" ಎಂದ ಮೂಕಪ್ಪ. ಹುಲುಗೇಶ ಹೋಗಿ ಅಡ್ಡೆಯ ಮುಂದೆ ಕುಳಿತ. ಮಾರೇಶ ಎಂದಿನಂತೆ ಅತ್ತ ತಿರುಗಿ ಟವಲು ಮಡಚುತ್ತಿದ್ದ. ಹುಲುಗೇಶನಿಗೆ ಒಂದು ಉಪಾಯ ಹೊಳೆಯಿತು. ಹೇಳದೆಯೇ ಸರಿಮಾಡುವ ಉಪಾಯ. ಹಗ್ಗವನ್ನು ನಡುವಿಗೆ ತಂದ, ಅಲ್ಲಿಂದ ನಾಲ್ಕು ಬೆರಳು ತನ್ನ ಕಡೆಗೆ ಎಳೆದುಕೊಂಡು ಗಂಟು ಬಿಗಿದ.

"ಎತ್ತೋ ಹೆಗಲಾ," ಮೂಕಪ್ಪ ಕೂಗಿದ.

"ಐಸಾ" ಎಂದವು ಎಂಟು ಗಂಟಲು. ಬೇವು ನೆಲ ಬಿಟ್ಟಿತು.

ಹತ್ತು ಹೆಜ್ಜೆ ಹೋಗಿರಬೇಕು. "ಇದೇನಲೇ," ಎಂದ ಮಾರೇಶ, "ಬೇವು ಹಗುರ ಐತಲ್ಲ." ಇನ್ನೂ ಹತ್ತು ಹೆಜ್ಜೆಗೆ ಅವನ 'ಐಸಾ' ಎಲ್ಲರಿಗಿಂತ ಮೇಲೆದ್ದಿತು. "ಮಠದ ದಾರ ಕೈ ಹಿಡೀತು ನೋಡು. ಇಲ್ಲಾ ಕೊಟ್ರಮ್ಮನ ಉಂಡಿ." ಮುಂದಿನವರು ನಕ್ಕರು. ಆ ನಗುವನ್ನು ಕೇಳುತ್ತಾ, ಹಲ್ಲು ಕಚ್ಚಿಕೊಂಡು, ಹುಲುಗೇಶ ಹೆಜ್ಜೆ ಎಣಿಸುತ್ತಿದ್ದ. ಆನೆಬಂಡೆಯ ತಿರುವು ದಾಟಿದರೆ ಸಾಕು, ಆಮೇಲೆ ಏರು ಕಡಿಮೆ. ತಿರುವಿನಲ್ಲೇ ಭುಜದೊಳಗಿನ ಹಳೆಯ ಗಾಯ ಬಟ್ಟೆಯ ಹಾಗೆ ಹರಿಯಿತು. ಅವನ ಮೊಣಕಾಲು ಮಡಚಿಕೊಂಡಿತು.

"ಇಳಸ್ರೀ," ಎಂದ ಮೂಕಪ್ಪ. ತಂಡ ಹಳೆಯ ತಂಡ. ಎಲ್ಲರೂ ಒಂದೇ ಉಸಿರಿಗೆ ಬಗ್ಗಿದರು. ತೊಲೆ ಕಲ್ಲಿನ ಮೇಲೆ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಹುಲುಗೇಶ ಮಾತ್ರ ಬಲಗೈ ಜೋಲುಬಿಟ್ಟು ನೆಲದಲ್ಲಿ ಕುಳಿತಿದ್ದ.

ಮಾರೇಶ ಓಡಿಬಂದ. ಅವನ ಮೇಲಿಂದ ಅಡ್ಡೆ ತೆಗೆಯಲೆಂದು ಹಗ್ಗಕ್ಕೆ ಕೈ ಹಾಕಿದವನು ಹಾಗೇ ನಿಂತ. ಗಂಟು ಹುಲುಗೇಶನ ತುದಿಯ ಕಡೆಗಿತ್ತು. ಜಾರಿರಬೇಕೆಂದು ಎಳೆದು ನೋಡಿದ, ಬಿಗಿಯಾಗಿತ್ತು. ಆಮೇಲೆ ಅವನ ಕಣ್ಣು ಬಿದಿರಿನ ಮೇಲೆ ನಿಧಾನಕ್ಕೆ ಸರಿಯಿತು. ನಡುವಿನಿಂದ ಆಚೆ, ತನ್ನ ತುದಿಯ ಕಡೆಗೆ, ಹಗ್ಗ ಉಜ್ಜಿ ಉಜ್ಜಿ ನುಣುಪಾದ ಒಂದು ಪಟ್ಟಿ ಬಿಸಿಲಿಗೆ ಹೊಳೆಯುತ್ತಿತ್ತು. ಮಾರೇಶ ನಡುವಿನಿಂದ ಅಲ್ಲಿಗೆ ಬೆರಳುಗಳನ್ನಿಟ್ಟು ಅಳೆದ. ನಾಲ್ಕು.

"ಯಾವತ್ತಿಂದ?" ಎಂದು ಮೆಲ್ಲಗೆ ಕೇಳಿದ.

"ಮೂರನೇ ದಿಮ್ಮಿಯಿಂದ."

"ಭುಜ?"

"ದೀಪಾವಳಿಯಿಂದ."

ಮಾರೇಶ ಬಿದಿರಿನಿಂದ ಕೈ ತೆಗೆದ. "ಆಕಿ ಉಂಡಿ ಕಟ್ಟೋವಾಗ ದಿನಾ ಅಳ್ತಿದ್ಲಲೇ," ಎಂದ, "ನನ್ನ ಮೈಯಾಗ ಏನು ಬ್ಯಾನಿ ಸೇರೈತೋ ಅಂತ."

ತನ್ನ ತೋಳಿನ ಕರಿದಾರ ಬಿಚ್ಚಿದ. ಹುಲುಗೇಶನ ಜೋತ ಬಲತೋಳನ್ನು ನೋಯದ ಹಾಗೆ ಎತ್ತಿ, ಅದಕ್ಕೆ ದಾರ ಸುತ್ತಿ, ಎರಡು ಗಂಟು ಹಾಕಿದ. ಬೈದಿದ್ದರೆ ಹುಲುಗೇಶ ತಡೆದುಕೊಳ್ಳುತ್ತಿದ್ದ.

ಹುಲುಗೇಶನ ಜಾಗಕ್ಕೆ ಮೂಕಪ್ಪನೇ ಹೆಗಲು ಕೊಟ್ಟ. ಹಗ್ಗವನ್ನು ಈ ಸಲ ಮಾರೇಶ ಹಾಕಿದ, ನಟ್ಟನಡುವೆ, ಎರಡೆರಡು ಸಲ ಅಳೆದು. ಮೇಸ್ತ್ರಿ ಕುಳ್ಳ, ಅಡ್ಡೆ ಓರೆಯಾಯಿತು. ಮಾರೇಶ ಮೊಣಕಾಲು ತುಸು ಬಗ್ಗಿಸಿ ಸಮ ಮಾಡಿಕೊಂಡ. ಆದರೆ ಮೊದಲ ಕೂಗು ಹಾಕುವವರಿಲ್ಲ, ಅಡ್ಡೆಯ ಕೆಳಗಿದ್ದವನು ಅದನ್ನು ಹಾಕುವಂತಿಲ್ಲ.

"ಕೂಗು," ಎಂದ ಮಾರೇಶ ತಿರುಗಿ ನೋಡದೆ.

ಹುಲುಗೇಶ ಬಾಯಿ ತೆರೆದ. "ಎತ್ತೋ ಹೆಗಲಾ." "ಐಸಾ" ಎಂದರು. ಬೇವಿನ ತೊಲೆ ಅವನನ್ನು ದಾಟಿ, ಬಂಡೆಗಳ ನಡುವೆ ತೂಗುತ್ತಾ ಮೇಲೇರಿತು. ಹೆಗಲು ಕೊಡವಿದ್ದು ಯಾರೆಂದು ಕೇಳಿದರೆ ಅಜ್ಜಿ ಯಾಕೆ ಎದ್ದು ಹೋಗುತ್ತಿದ್ದಳೆಂದು ಆಗ ಅವನಿಗೆ ತಿಳಿಯಿತು.

ಈಗ ಗಿರಣಿಯಲ್ಲಿ ಚೀಲ ಹೊಲಿಯುವವನು ಹುಲುಗೇಶ. ಕೈ ಅಷ್ಟಿಷ್ಟು ಆಡುತ್ತದೆ, ಮೇಲೆ ಏಳುವುದಿಲ್ಲ. ದಾರ ಇನ್ನೂ ತೋಳಿನಲ್ಲೇ ಇದೆ. ಎಡಗೈಯೊಂದರಿಂದ ಬಿಚ್ಚಲು ನೋಡಿದ. ಆ ಗಂಟು ಒಂದು ಕೈಗೆ ಬಗ್ಗುವಂಥದ್ದಲ್ಲ. ಹೆಂಡತಿ "ಕೊಳೀ ಆಗೈತಿ, ಕತ್ತರಿಸ್ಲೇನು?" ಎಂದರೆ ಬೇಡವೆನ್ನುತ್ತಾನೆ. ಕಟ್ಟಿದವನೇ ಬಿಚ್ಚಲಿ ಎಂದು ಅವನ ಆಸೆ.

ಕಟ್ಟಿದವನು ದಿನವೂ ಹಿಂದೆಯೇ ಹಾದುಹೋಗುತ್ತಾನೆ, ಬೆನ್ನ ಮೇಲೆ ಭತ್ತದ ಚೀಲ ಹೊತ್ತು, ಬೇರೆ ಜೋಡಿಯೊಂದಿಗೆ. ಗಿರಣಿಯ ಗದ್ದಲದಲ್ಲಿ ಮೂವತ್ತು ಜನರ ಏದುಸಿರು. ಅದರಲ್ಲಿ ಮಾರೇಶನದು ಯಾವುದೆಂದು ಹುಲುಗೇಶನಿಗೆ ತಿರುಗಿ ನೋಡದೆಯೂ ಗೊತ್ತಾಗುತ್ತದೆ. ಹಗುರವಾಗಿರುತ್ತದೆ, ಹದವಾಗಿರುತ್ತದೆ. ಅದು ಹತ್ತಿರ ಬಂದಾಗ ಅವನ ಸೂಜಿ ನಿಲ್ಲುತ್ತದೆ. ದಾಟಿ ಹೋದ ಮೇಲೆ ಮತ್ತೆ ಹೊಲಿಯುತ್ತಾನೆ.