ನೀಲತ್ತೆಯ ಹುಟ್ಟುಹಬ್ಬಕ್ಕೆ ಹೊರಟ ಕೇರಂ ಬೋರ್ಡು

ನಾನು ಒಂದು ಕೇರಂ ಬೋರ್ಡು. ಹುಬ್ಬಳ್ಳಿಯ ಬಡಗಿ ಮೆಹಬೂಬಸಾಬರ ಅಂಗಡಿಯಲ್ಲಿ ಹುಟ್ಟಿದೆ. ಅವರು ಬಾಗಿಲು, ಕಿಟಕಿ, ಮಂಚ ಮಾಡುವವರು. ಓಣಿಯ ತರುಣ ಸಂಘದ ಹುಡುಗರ ಕಾಟ ತಡೆಯಲಾರದೆ ನನ್ನನ್ನು ಮಾಡಿದರು. ದಪ್ಪ ಪ್ಲೈವುಡ್ಡಿನ ಮೈ, ಸುತ್ತ ಗಟ್ಟಿ ಕಟ್ಟಿಗೆಯ ಚೌಕಟ್ಟು, ಮೂಲೆಗೊಂದು ತೂತು, ತೂತಿನ ಕೆಳಗೆ ನೂಲಿನ ಬಲೆ. ಪಾಲಿಶ್ ಒಣಗಿದ ಮೇಲೆ ಮೆಹಬೂಬಸಾಬರು ನನ್ನ ಮೇಲೊಂದು ಕಾಯಿ ಇಟ್ಟು ಬೆರಳಿನಿಂದ ಹೊಡೆದರು. ಅದು ಸುಯ್ಯೆಂದು ಜಾರಿ, ಎದುರಿನ ಅಂಚಿಗೆ ಬಡಿದು, ತಿರುಗಿ ಅವರ ಕೈಗೇ ಬಂತು. ಅವರು ನಕ್ಕರು. ನಾನು ಕಂಡ ಮೊದಲ ನಗು ಅದು.

ತರುಣ ಸಂಘ ಇದ್ದದ್ದು ಒಂದು ಟೇಲರ್ ಅಂಗಡಿಯ ಅಟ್ಟದ ಮೇಲೆ. ಅಲ್ಲಿ ನನಗೆ ಪುರುಸೊತ್ತೇ ಇರಲಿಲ್ಲ. ನಾನು ಮನುಷ್ಯರನ್ನು ಯಾವಾಗಲೂ ಕೆಳಗಿನಿಂದ ನೋಡಿದವನು. ನನಗೆ ಪರಿಚಯವಿರುವುದು ಅವರ ಗದ್ದ, ಮೂಗಿನ ಹೊಳ್ಳೆ ಮತ್ತು ಬೆರಳು. ಬೆರಳು ನೋಡಿದರೆ ಸಾಕು, ಯಾರು ಅಂಜುಬುರುಕ, ಯಾರು ಮೋಸಗಾರ ಎಂದು ನನಗೆ ತಿಳಿಯುತ್ತಿತ್ತು.

ಹುಡುಗರಿಗೆ ನೌಕರಿ ಸಿಕ್ಕಿತು, ಮದುವೆಯಾಯಿತು. ಆಟಕ್ಕೆ ಬರುವವರು ಕಡಿಮೆಯಾದರು. ಕೊನೆಗೆ ರಸ್ತೆ ಅಗಲ ಮಾಡುವಾಗ ಆ ಕಟ್ಟಡವೇ ಹೋಯಿತು. ಸಂಘದ ಕಾರ್ಯದರ್ಶಿಯಾಗಿದ್ದ ಪುಂಡಲೀಕಪ್ಪ ನನ್ನನ್ನು ಬೀದಿಯಲ್ಲಿ ಬಿಡಲಾರದೆ ತಲೆಯ ಮೇಲೆ ಹೊತ್ತು ಮನೆಗೆ ಒಯ್ದರು. ಅವರ ಹೆಂಡತಿ ಸುಮಿತ್ರವ್ವ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಛಲೋ ಆತು, ಸಂಡಗಿ ಒಣಗಸಾಕ ಒಂದು ಹಲಗಿ ಬೇಕಾಗಿತ್ತು" ಅಂದರು.

ಹೀಗೆ ನಾನು ಸಂಡಿಗೆ ಹಲಗೆಯಾದೆ. ಬೇಸಿಗೆ ಬಂದರೆ ಮಾಳಿಗೆ, ಉಳಿದ ದಿನ ಕಪಾಟಿನ ಹಿಂದಿನ ಸಂದಿ. ಮೈಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಾಲು ಸಾಲು ಸಂಡಿಗೆ. ಕಾಗೆಗಳು ಬಿಟ್ಟರೆ ನನ್ನ ಮೇಲೆ ಬಗ್ಗಿ ನೋಡುವವರೇ ಇಲ್ಲ.

ಆ ಮನೆಯ ಮೇಲಿನ ಅಂತಸ್ತಿನಲ್ಲಿ ಕಸ್ತೂರಿ ಎಂಬವಳು ಬಾಡಿಗೆಗಿದ್ದಳು. ಒಂದು ಭಾನುವಾರ ಅವಳ ಅಣ್ಣ ಚನ್ನಬಸು ಬಂದ. ಇಬ್ಬರೂ ಚಹಾದ ಕಪ್ಪು ಹಿಡಿದು ಮಾಳಿಗೆಗೆ ಬಂದು ನನ್ನ ಪಕ್ಕದ ಕಟ್ಟೆಯ ಮೇಲೆ ಕುಳಿತರು. ಅವರ ಸೋದರತ್ತೆ ನೀಲಗಂಗಾ ಅವರಿಗೆ ಎಪ್ಪತ್ತೈದು ತುಂಬುವುದರಲ್ಲಿತ್ತು. ಉಡುಗೊರೆ ಏನು ಕೊಡುವುದು ಎಂಬ ಚರ್ಚೆ.

"ಕಾಲು ಚಾಚಿ ಮಲಗೂ ಕುರ್ಚಿ ಕೊಡೂಣು. ಆರಾಮ ಕುಂಡ್ರತಾಳ" ಅಂದ ಚನ್ನಬಸು.

"ಕುಂಡ್ರಸಿ ಕುಂಡ್ರಸಿನ ಅಕೀನ್ನ ಮುದುಕಿ ಮಾಡಿದ್ವಿ ನಾವು" ಅಂದಳು ಕಸ್ತೂರಿ.

ಅವರ ಮಾತಿನಿಂದ ನನಗೆ ನೀಲತ್ತೆಯ ಕಥೆ ತಿಳಿಯಿತು. ಇವರಿಬ್ಬರೂ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ನೀಲತ್ತೆ ಮದುವೆಯ ಮಾತನ್ನೇ ಬದಿಗಿಟ್ಟು ಇವರನ್ನು ಬೆಳೆಸಿದರು. ಈಗ ಚನ್ನಬಸುವಿನ ಮನೆಯಲ್ಲಿದ್ದಾರೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಎಲುಬು ಕೂಡಿಕೊಂಡಿತು, ಬೆರಳು ಮಾತ್ರ ಬಾಗದೆ ಬಿರುಸಾಗಿ ಉಳಿದವು. ಅಂದಿನಿಂದ ಮನೆಯವರು ಅವರಿಗೆ ನೀರಿನ ತಂಬಿಗೆ ಎತ್ತಲೂ ಬಿಡುವುದಿಲ್ಲ. ಎಲ್ಲ ಕೆಲಸ ಕೈತಪ್ಪಿ ಹೋದಂತೆ ಅವರ ಮಾತೂ ಕಡಿಮೆಯಾಗಿತ್ತು. ಏನು ಬೇಕು ಎಂದು ಕೇಳಿದರೆ ಒಂದೇ ಉತ್ತರ: "ನನಗೇನ್ ಬ್ಯಾಡವಾ."

ಮಾತಾಡುತ್ತ ಕಸ್ತೂರಿ ಒಂದು ಸಂಡಿಗೆ ಎತ್ತಿ ಬಾಯಿಗೆ ಹಾಕಿಕೊಂಡಳು. ಪ್ಲಾಸ್ಟಿಕ್ಕಿನಡಿ ನನ್ನ ನಡುವಿನ ವೃತ್ತ ಕಂಡಿತು. ಹಾಳೆಯ ಅಂಚು ಸರಿಸಿದಳು.

"ಅಣ್ಣಾ, ಇದು ಕೇರಂ ಬೋರ್ಡ್. ಅತ್ತಿ ಎಕ್ಸ್‌ಚೇಂಜ್‌ನ್ಯಾಗ ಕೇರಂ ಗೆದ್ದು ಸ್ಟೀಲ್ ಡಬ್ಬಿ ತಂದಿದ್ಲಲ್ಲ? ಅವಲಕ್ಕಿ ಇಡೋ ಡಬ್ಬಿ."

"ಅದು ಯಾವ ಕಾಲದ ಮಾತು? ಎಪ್ಪತ್ತೈದು ತುಂಬಿದಾಕೀಗೆ ಸಂಡಗಿ ಹಲಗಿ ಕೊಟ್ರ ಮಂದಿ ಏನಂದಾರು?"

"ಅವ್ವ ಹೋದ ಮ್ಯಾಲೆ ಅಕಿ ಆಡೂದು ಬಿಟ್ಲು. ನಮ್ಮ ಸಲುವಾಗಿ ಬಿಟ್ಲು" ಅಂದಳು ಕಸ್ತೂರಿ.

ಕೊನೆಗೆ ಚನ್ನಬಸು ಕುರ್ಚಿಯನ್ನೇ ಕೊಳ್ಳುವುದು, ಇವಳು ನನ್ನನ್ನು ಕೊಡುವುದು ಎಂದಾಯಿತು. ಪುಂಡಲೀಕಪ್ಪನವರು ಕೇಳಿದ ಕೂಡಲೇ ಒಪ್ಪಿದರು. ಸುಮಿತ್ರವ್ವ ಮಾತ್ರ, "ಇವಷ್ಟು ಒಣಗಲಿ, ಆಮ್ಯಾಲೆ ಒಯ್ಯಿರಿ" ಅಂದರು.

ಕಸ್ತೂರಿ ನನ್ನ ಮೈಯನ್ನು ಉಜ್ಜಿ ಹೊಳೆಯುವಂತೆ ಮಾಡಿದಳು. ಹೊಸ ಬಲೆ, ಹೊಸ ಕಾಯಿ, ಕಾಯಿಗೆ ಹೊಡೆಯುವ ಹೊಸ ಸ್ಟ್ರೈಕರ್ ಬಂದವು. ಹೂವಿನ ಚಿತ್ರದ ಕಾಗದ ಸುತ್ತಿಕೊಂಡು ಆಟೋದಲ್ಲಿ ಅಡ್ಡಡ್ಡ ಕುಳಿತು ಹೊರಟಾಗ ನನಗೆ ಮದುವಣಿಗನಂತೆ ಅನಿಸಿತು.

ಹುಟ್ಟುಹಬ್ಬದ ದಿನ ನೀಲತ್ತೆಯನ್ನು ಹೊಸ ಕುರ್ಚಿಯಲ್ಲಿ ಕೂರಿಸಿದ್ದರು. ಅವರು ಹೇಳಿದಲ್ಲಿ ಕುಳಿತಿದ್ದರು, ಅಷ್ಟೆ. ಕಸ್ತೂರಿ ನನ್ನ ಕಾಗದ ಬಿಚ್ಚಿದಳು. ನೀಲತ್ತೆ ನನ್ನ ಮೇಲೆ ಬಗ್ಗಿದರು. ಮೊದಲ ಸಲ ಅವರ ಮುಖ ನೋಡಿದೆ. ಕ್ಷಣಹೊತ್ತು ಅದು ಬೆಳಗಿತು. ಆಮೇಲೆ ಅವರು ತಮ್ಮ ಬಲಗೈಯನ್ನು ನೋಡಿಕೊಂಡರು.

"ಈ ಕೈಲೆ ಏನ್ ಆಡ್ಲೇ ಕಸ್ತೂರಿ" ಎಂದು ಎದ್ದು ಒಳಗೆ ಹೋದರು.

"ನಾ ಹೇಳಿದ್ನಿಲ್ಲ?" ಅಂದ ಚನ್ನಬಸು. ಕಸ್ತೂರಿ ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡು ಬಂದಳು. ನನ್ನನ್ನು ಕುರ್ಚಿಯ ಹಿಂದೆ ಗೋಡೆಗೆ ಒರಗಿಸಿದರು. ಸಂಡಿಗೆಯ ಕೆಲಸವಾದರೂ ಇತ್ತಲ್ಲ ಎಂದು ನನಗೆ ಹಳೆಯ ಮನೆ ನೆನಪಾಯಿತು.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಚನ್ನಬಸು, ಅವನ ಹೆಂಡತಿ ಇಬ್ಬರೂ ಒಂದು ಸೀಮಂತಕ್ಕೆ ಹೋಗಿದ್ದರು. ನೀಲತ್ತೆ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಹಾಲು ಇಟ್ಟು ಪಡಸಾಲೆಗೆ ಬಂದರು. ಕುರ್ಚಿಯ ಸುತ್ತ ಸುಳಿದಾಡಿದರು. ಆಮೇಲೆ ನನ್ನನ್ನು ಎಡಗೈಯಿಂದ ಹಿಡಿದು, ಮೊಣಕಾಲಿನಿಂದ ತಳ್ಳುತ್ತ, ಏದುಸಿರು ಬಿಡುತ್ತ, ಅಂತೂ ದಿವಾನದ ಮೇಲೆ ಹತ್ತಿಸಿದರು. ಕಾಯಿ ಜಾರಲೆಂದು ಹಾಕುವ ಬೋರಿಕ್ ಪುಡಿ ಸಿಗಲಿಲ್ಲವೇನೋ, ಮುಖಕ್ಕೆ ಹಚ್ಚುವ ಪೌಡರನ್ನೇ ಸುರಿದರು. ಮಲ್ಲಿಗೆಯ ವಾಸನೆಯಿಂದ ನನ್ನ ತಲೆ ಗಿಮ್ಮೆಂದಿತು.

ಬಲಗೈಯಿಂದ ಹೊಡೆದರು. ಸ್ಟ್ರೈಕರ್ ಗೇಣು ದೂರ ಹೋಗಿ ನಿಂತಿತು. ಮತ್ತೆ ಹೊಡೆದರು. ಮತ್ತೆ ಅಷ್ಟೇ. ಅವರ ಗದ್ದ ಅದುರಿದ್ದನ್ನು ಕೆಳಗಿನಿಂದ ನಾನು ನೋಡಿದೆ. ಇನ್ನೇನು ಎದ್ದೇಬಿಡುತ್ತಾರೆ ಅಂದುಕೊಂಡೆ. ಅವರು ಸ್ಟ್ರೈಕರನ್ನು ಎಡಗೈಗೆ ದಾಟಿಸಿ ಬೀಸಿ ಹೊಡೆದರು. ಅದು ಅಂಚು ಹಾರಿ, ಹೊಸ್ತಿಲು ದಾಟಿ, ಅಂಗಳದ ತುಳಸಿಯ ಕುಂಡಕ್ಕೆ ಬಡಿದು ಠಣ್ ಎಂದಿತು. ನೀಲತ್ತೆ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಪ್ಪಳ ಕೇಳಿ ಪಕ್ಕದ ಮನೆಯ ಖೈರುನ್‌ಬಿ ಬಂದರು, ಕೈಯಲ್ಲಿ ಸ್ಟ್ರೈಕರ್. "ಏನ್ ನೀಲಕ್ಕಾ, ಒಬ್ಬಾಕೀನ ನಗಾಕತ್ತಿ?"

"ಬಾ, ಎದುರಿಗೆ ಕೂಡು."

"ನನಗ ಆಡಾಕ ಬರೂದಿಲ್ಲ."

"ಸದ್ಯ ನನಗೂ ಬರೂದಿಲ್ಲ. ಕೂಡು."

ಚನ್ನಬಸು ದಂಪತಿ ಮನೆಗೆ ಬಂದಾಗ ಇಬ್ಬರು ಹೆಂಗಸರು ಮೊಣಕೈ ತನಕ ಪೌಡರ್ ಮೆತ್ತಿಕೊಂಡು, ಯಾರ ಕಾಯಿ ಯಾವುದು ಎಂದು ಜಗಳಾಡುತ್ತಿದ್ದರು. ಮನೆ ತುಂಬ ಸೀದ ವಾಸನೆ.

"ಅತ್ತಿ, ಹಾಲು ಹೊತ್ತೈತಿ" ಅಂದ ಚನ್ನಬಸು ಗಾಬರಿಯಿಂದ.

"ಹೋಗಿ ಬಂದ್ ಮಾಡು" ಅಂದರು ನೀಲತ್ತೆ, ತಲೆ ಎತ್ತದೆ. "ನನ್ನ ಸರತಿ ಐತಿ."

ಅಂದಿನಿಂದ ದಿನಾ ಮಧ್ಯಾಹ್ನ ಆಟ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಸೇರಿದರು. ಕಸ್ತೂರಿ ಬಂದಾಗಲೆಲ್ಲ ಸೋತು ಹೋಗುತ್ತಿದ್ದಳು, ಖುಷಿಯಾಗಿ. ನೀಲತ್ತೆಯ ಎಡಗೈ ಪಳಗಿತು. ಅದನ್ನು ನೋಡಿ ಹೊಟ್ಟೆಕಿಚ್ಚು ಬಂತೋ ಎಂಬಂತೆ ಬಲಗೈ ಬೆರಳೂ ನಿಧಾನವಾಗಿ ಬಾಗತೊಡಗಿದವು. ಅವರು ಮತ್ತೆ ಸಂತೆಗೆ ಚೀಲ ಹಿಡಿದು ಹೋದರು, ರೊಟ್ಟಿ ಬಡಿದರು. ಕಾಲು ಚಾಚುವ ಕುರ್ಚಿಯಲ್ಲಿ ಊಟವಾದ ಮೇಲೆ ಚನ್ನಬಸುವೇ ಗೊರಕೆ ಹೊಡೆಯುತ್ತಿದ್ದ.

ನೀಲತ್ತೆಗೆ ಎಂಬತ್ತು ತುಂಬಿದ ದಿನ ಚನ್ನಬಸು, "ಈ ಸಲ ಏನ್ ಬೇಕು ನೀನ ಹೇಳು ಅತ್ತಿ" ಅಂದ.

"ನನ್ನ ಜೋಡಿ ಒಂದು ಖರೇ ಆಟ ಆಡು."

"ನಾ ಯಾವಾಗ ಸುಳ್ಳು ಆಡೀನಿ?"

"ಯಾವಾಗಲೂ ನನಗ ಕೆಂಪು ಕಾಯಿ ಬಿಟ್ಟುಕೊಡಾಕತ್ತಿ. ನಾ ಕುರುಡಿ ಅಲ್ಲ."

ಅದು ನಿಜ. ಅವನ ಬೆರಳು ನನಗೆ ಗೊತ್ತಿತ್ತು. ನೀಲತ್ತೆಯ ಎದುರು ಅದು ಬೇಕೆಂದೇ ಸಡಿಲಾಗುತ್ತಿತ್ತು. ಚನ್ನಬಸು ಕಿವಿ ಕೆಂಪಗೆ ಮಾಡಿಕೊಂಡು ಕುಳಿತ. ಬಂದ ನೆಂಟರೆಲ್ಲ ಸುತ್ತ ನಿಂತರು. ಆಟ ಕೊನೆಗೆ ಬಂತು, ಇಬ್ಬರಿಗೂ ಒಂದೊಂದೇ ಕಾಯಿ ಉಳಿಯಿತು. ನೀಲತ್ತೆ ಕೆಂಪು ಕಾಯಿಯನ್ನು ತೂತಿಗೆ ಹಾಕಿದರು. ಅದು ದಕ್ಕಬೇಕಾದರೆ ಬೆನ್ನಿಗೇ ತಮ್ಮ ಕಾಯಿಯನ್ನೂ ಹಾಕಬೇಕು, ಆ ಕಾಯಿ ಅಂಚಿಗೆ ಬಡಿದು ಹೊರಗುಳಿಯಿತು. ಕೆಂಪು ಮತ್ತೆ ನಡುವಿಗೆ ಬಂತು. ಚನ್ನಬಸುವಿನ ಕಾಯಿ ತೂತಿನ ಬಾಯಲ್ಲೇ ಕುಳಿತಿತ್ತು.

ಅವನು ಅತ್ತೆಯ ಮುಖ ನೋಡಿದ. ಬಿಟ್ಟುಕೊಡು ಎಂಬಂತೆ ಹಿಂದಿನಿಂದ ಹೆಂಡತಿ ಅವನ ಬೆನ್ನು ತಿವಿದಳು.

"ಹೊಡಿ" ಅಂದರು ನೀಲತ್ತೆ.

ಅವನು ಹೊಡೆದ. ಕೆಂಪು ಹೋಯಿತು. ಅದರ ಬೆನ್ನಿಗೆ ಅವನ ಕಾಯಿಯೂ ಹೋಯಿತು. ಅವನು ಗೆದ್ದಿದ್ದ. ನೀಲತ್ತೆ ನನ್ನ ಮೈಮೇಲೆ ಒಂಟಿಯಾಗಿ ಉಳಿದ ತಮ್ಮ ಕಾಯಿಯನ್ನೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿ ಚನ್ನಬಸುವಿನ ಬೋಳು ತಲೆ ಸವರಿದರು.

"ಈಗ ಕೊಟ್ಟಿ ನೋಡು ಉಡುಗೊರೆ" ಅಂದರು. ಬಲಗೈಯಿಂದಲೇ ಕಾಯಿಗಳನ್ನು ನಡುವಿಗೆ ಜೋಡಿಸತೊಡಗಿದರು. "ಏಳಬ್ಯಾಡ. ಇನ್ನ ನಿನ್ನ ಬಿಡೂದಿಲ್ಲ."

ಅದಾಗಿಯೂ ಕೆಲವು ವರ್ಷಗಳಾದವು. ಈಗ ನನ್ನ ಪಾಲಿಶ್ ಹೋಗಿದೆ, ನಡುವೆ ಸ್ವಲ್ಪ ತಗ್ಗು ಬಿದ್ದಿದೆ. ಮೆಲ್ಲಗೆ ಹೊಡೆದ ಕಾಯಿ ಎಡಕ್ಕೆ ವಾಲುತ್ತದೆ. ನೀಲತ್ತೆಗೆ ಅದು ಗೊತ್ತು, ಹೊಸದಾಗಿ ಬಂದವರಿಗೆ ಅವರು ಹೇಳುವುದಿಲ್ಲ. ನನ್ನ ಜಾಗ ಈಗ ಪಡಸಾಲೆಯ ಕಿಟಕಿ ಪಕ್ಕದ ಮೂಲೆ. ವಯಸ್ಸಾದವರಿಗೆ ಮಂದಿ ಆರಾಮವನ್ನೇ ತಂದು ಕೊಡುತ್ತಾರೆ. ನನ್ನ ಅನುಭವ ಕೇಳಿದರೆ, ಕಪಾಟಿನ ಸಂದಿಯಲ್ಲಿ ನನಗೆ ಬೇಕಾದಷ್ಟು ಆರಾಮವಿತ್ತು. ಇಲ್ಲಿ ಏಟು ತಿಂದು ಮೈ ಸವೆದಿದೆ, ಬೇಜಾರು ಎಂಬುದು ಮಾತ್ರ ಹತ್ತಿರ ಸುಳಿದಿಲ್ಲ. ಹೊರಗೆ ಗೇಟು ಕಿರುಗುಟ್ಟಿತು. ಖೈರುನ್‌ಬಿ ಬಂದರೆಂದು ಕಾಣುತ್ತದೆ. ನಿನ್ನೆ ಸೋತ ಸಿಟ್ಟು ಅವರಿಗಿನ್ನೂ ಇಳಿದಿಲ್ಲ.