ಲಿಮಾಕ್ಕೆ ಒಯ್ಯಬೇಕಾದ ಕತ್ತರಿ

ನನ್ನ ಹೆಂಡತಿ ಮೆಲ್ಚೋರ ಲಿಮಾಕ್ಕೆ ಹೊರಡುವ ತಯಾರಿ ಶುರುಮಾಡಿ ಆರು ವರ್ಷವಾಗಿತ್ತು. ನಗಬೇಡಿ. ನಮ್ಮ ಯಾನಾಪಂಪದಿಂದ ರಾಜಧಾನಿಗೆ ಒಂದು ಹಗಲು, ಒಂದು ರಾತ್ರಿಯ ದಾರಿ ಅಷ್ಟೇ. ಊರಿನ ಅರ್ಧ ಜನ ಹೋಗಿ ಅಲ್ಲೇ ಮನೆ ಕಟ್ಟಿಕೊಂಡಿದ್ದಾರೆ. ಆದರೆ ಮೆಲ್ಚೋರ ಹೋಗಬೇಕಾಗಿದ್ದದ್ದು ಪೇಟೆ ನೋಡಲಿಕ್ಕಲ್ಲ, ತಂಗಿ ದೊಮಿತಿಲಳ ಮಗ ವಿಲ್ಮರ್‌ನ ಹುಟ್ಟುಗೂದಲು ಕತ್ತರಿಸಲಿಕ್ಕೆ. ಅಂಥ ಕೆಲಸಕ್ಕೆ ಉಟ್ಟ ಬಟ್ಟೆಯಲ್ಲೇ ಎದ್ದು ಹೋಗಲಾಗುವುದಿಲ್ಲ.

ದೊಮಿತಿಲ ಹೆರಿಗೆಗೆ ಊರಿಗೆ ಬಂದಿದ್ದಾಗಲೇ ಇದು ನಿಶ್ಚಯವಾಗಿತ್ತು. ಮಗುವನ್ನು ಅಕ್ಕನ ಮಡಿಲಿಗೆ ಹಾಕಿ, "ಇವನ ಕೂದಲಿಗೆ ನೀನೇ ಕತ್ರಿ ಹಾಕ್ಬೇಕಕ್ಕ," ಅಂದಿದ್ದಳು. ನಮಗೆ ಮಕ್ಕಳಿಲ್ಲ. ಮೆಲ್ಚೋರ ಆ ಕ್ಷಣ ಮಗುವಿನ ತಲೆಗೆ ಮೂಗು ತಾಗಿಸಿ ಎಷ್ಟೋ ಹೊತ್ತು ಹಾಗೇ ಕೂತಿದ್ದಳು. ನಾನು ಒಲೆಗೆ ಸಗಣಿ ಬೆರಣಿ ಹಾಕುವ ನೆಪದಲ್ಲಿ ಆಚೆ ತಿರುಗಿಕೊಂಡೆ.

ನಮ್ಮಲ್ಲಿ ಮೊದಲ ಕೂದಲು ಕತ್ತರಿಸಿದವಳು ಮಗುವಿಗೆ ಮದ್ರೀನಾ ಆಗುತ್ತಾಳೆ. ಹೆತ್ತವಳ ನಂತರದ ತಾಯಿ ಅವಳೇ. ಕೂದಲನ್ನು ಸಣ್ಣ ಸಣ್ಣ ಜುಟ್ಟು ಮಾಡಿ, ಒಂದೊಂದಕ್ಕೂ ರಿಬ್ಬನ್ ಕಟ್ಟಿ, ಮೊದಲ ಜುಟ್ಟನ್ನು ಅವಳು ಕತ್ತರಿಸಬೇಕು. ಉಳಿದ ನೆಂಟರು ಆಮೇಲೆ. ಅಲ್ಲಿಯ ತನಕ ಆ ತಲೆಗೆ ಇನ್ನೊಬ್ಬರ ಕತ್ತರಿ ತಾಗುವಂತಿಲ್ಲ. ಮದ್ರೀನಾ ಆದವಳು ಮಗುವಿಗೆ, ನಾವು ಉಣ್ಣೆಗೆಂದು ಸಾಕುವ ಅಲ್ಪಾಕಗಳಲ್ಲಿ ಒಂದು ಹೆಣ್ಣನ್ನು ಕೊಡಬೇಕು. ಅದು ಹಾಕಿದ ಮರಿಗಳೆಲ್ಲ ಮಗುವಿನವೇ. ಮೆಲ್ಚೋರಳಿಗೆ ಆ ದಿನದ ತನಕ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ದೊಮಿತಿಲ ಮಗುವನ್ನೆತ್ತಿಕೊಂಡು ಬಸ್ಸು ಹತ್ತಿದ ದಿನವೇ ಬಿಳೀ ಮರಿಯೊಂದರ ಕಿವಿಗೆ ಕೆಂಪು ಉಣ್ಣೆ ಕಟ್ಟಿ, "ಇದು ನನ್ನ ಮಗಂದು, ಯಾರೂ ಕಣ್ಣು ಹಾಕ್ಬೇಡಿ," ಎಂದು ಸಾರಿಬಿಟ್ಟಳು.

ಆಮೇಲೆ ಲಿಮಾ ವರ್ಷವರ್ಷಕ್ಕೂ ದೂರ ಸರಿಯುತ್ತ ಹೋಯಿತು. ಒಂದು ವರ್ಷ ಮಂದೆಗೆ ತುರಿ ಹತ್ತಿತು. ಆಮೇಲೆ ಜನರಿಗೆ ಮಹಾಮಾರಿ ಹಬ್ಬಿದ ಕಾಲದಲ್ಲಿ ದಾರಿಗಳನ್ನೇ ಮುಚ್ಚಿದರು. ಮತ್ತೊಮ್ಮೆ ಗಂಟು ಕಟ್ಟಿಕೊಂಡು ಪುಕಿಯೋ ಪೇಟೆಯ ತನಕ ಹೋದರೆ ಮುಷ್ಕರದವರು ರಸ್ತೆಗೆ ಕಲ್ಲು ಪೇರಿಸಿ ಕೂತಿದ್ದರು. ನಾಲ್ಕು ದಿನ ಕಾದು, ಕಟ್ಟಿಕೊಂಡಿದ್ದ ಗಿಣ್ಣೆಲ್ಲ ನಾವೇ ತಿಂದು ವಾಪಸು ಬಂದೆವು. ಕಳೆದ ವರ್ಷ ಮೆಲ್ಚೋರ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಳು. ದೊಮಿತಿಲ ಬರೋಣವೆಂದರೆ ಮಾರುಕಟ್ಟೆಯಲ್ಲಿ ಅವಳದು ಊಟದ ಅಂಗಡಿ, ಒಂದು ದಿನ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಗಂಡನೆಂಬುವವನು ಎಂದೋ ಕಾಲ್ಕಿತ್ತಿದ್ದ.

ಫೋನಿಗೆ ಸಿಗ್ನಲ್ ಸಿಗುವುದು ಊರ ಹಿಂದಿನ ಗುಡ್ಡದಲ್ಲಿ, ಶಿಲುಬೆಯ ಬುಡದಲ್ಲಿ ಮಾತ್ರ. ಭಾನುವಾರ ಬಂತೆಂದರೆ ಮೆಲ್ಚೋರ ಅಲ್ಲಿಗೆ ಏದುಸಿರು ಬಿಡುತ್ತ ಹತ್ತುತ್ತಿದ್ದಳು. ನಾನೂ ಹಿಂದೆ ಹೋಗುತ್ತಿದ್ದೆ, ಹುಡುಗನ ದನಿ ಕೇಳಲು.

"ದೊಡ್ಡಮ್ಮಾ, ಬಿಸ್ಕತ್ತು ಏನ್ ಮಾಡ್ತಿದೆ?" ಅದು ಅವನ ಮೊದಲ ಪ್ರಶ್ನೆ. ತನ್ನ ಬಿಳೀ ಅಲ್ಪಾಕಕ್ಕೆ ಬಿಸ್ಕತ್ತು ಎಂದು ಹೆಸರಿಟ್ಟಿದ್ದ. ಕಣ್ಣಾರೆ ನೋಡಿರಲಿಲ್ಲ, ಪಾಪ.

"ನಿನ್ ದೊಡ್ಡಪ್ಪನ ಮುಖಕ್ಕೆ ಉಗೀತು ಕಣೋ ನೆನ್ನೆ."

ಹುಡುಗ ಬಿದ್ದು ಬಿದ್ದು ನಗುತ್ತಿದ್ದ. ಆಮೇಲೆ ದನಿ ತಗ್ಗಿಸಿ, "ದೊಡ್ಡಮ್ಮಾ, ಯಾವಾಗ್ ಬರ್ತೀಯ? ಸ್ಕೂಲಲ್ಲಿ ಎಲ್ರೂ ನನ್ನ ಹುಡುಗೀ ಹುಡುಗೀ ಅಂತಾರೆ. ಜಡೆ ಎಳೀತಾರೆ."

"ಎಳೆದೋರ ಹೆಸರು ನೆನಪಿಟ್ಕೋ. ನಾನ್ ಬಂದಾಗ ಅವರ ಕಿವೀನೂ ಕತ್ತರಿಸ್ಕೊಂಡು ಬರೋಣ."

ಶಾಲೆಯ ಮೇಡಮ್ಮು ಕೂದಲು ಕತ್ತರಿಸಿಯೇ ಕಳಿಸಬೇಕು ಎಂದಿದ್ದಳಂತೆ. ದೊಮಿತಿಲ ಹೆದರಿ ಅಕ್ಕನನ್ನು ಕೇಳಿದಳು. ಮೆಲ್ಚೋರಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಯಾರಾದ್ರೂ ಆ ತಲೆ ಮುಟ್ಟಿದ್ರೆ ನೀನು ನನ್ ತಂಗಿ ಅಲ್ಲ, ನಾನು ನಿನ್ ಅಕ್ಕ ಅಲ್ಲ!" ಎಂದು ಗುಡ್ಡ ಪ್ರತಿಧ್ವನಿಸುವಂತೆ ಕೂಗಿದ್ದಳು. ದೊಮಿತಿಲ ಹೋಗಿ ಮೇಡಮ್ಮಿನ ಕಾಲು ಹಿಡಿದು ಒಪ್ಪಿಸಿಕೊಂಡು ಬಂದಳು.

ಈ ವರ್ಷ ಮಾತ್ರ ಪ್ರಯಾಣ ಗಟ್ಟಿಯಾಯಿತು. ಉಣ್ಣೆ ಕತ್ತರಿಸುವ ಕೆಲಸ ಮುಗಿದ ಕೂಡಲೇ ಹೊರಡುವುದು. ಮಂದೆ ನೋಡಿಕೊಳ್ಳಲು ನನ್ನ ತಮ್ಮ ಒಪ್ಪಿದ. ಮೆಲ್ಚೋರ ಪುಕಿಯೋದಿಂದ ಹೊಸ ಕತ್ತರಿ ತಂದಳು, ಉಣ್ಣೆಯದಲ್ಲ, ದರ್ಜಿಯವರು ಇಟ್ಟುಕೊಳ್ಳುವಂಥ ಹೊಳೆಯುವ ಕತ್ತರಿ. ಜತೆಗೆ ಬಣ್ಣ ಬಣ್ಣದ ರಿಬ್ಬನ್ನು. ಒಲೆಯ ಪಕ್ಕ ಗಂಟು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು, ಇದೇ ನಡೆಯಿತು.

"ಲಿಮಾದಲ್ಲಿ ಮಳೇನೇ ಬರಲ್ವಂತೆ. ಜನ ನೀರಿಗೇನ್ ಮಾಡ್ತಾರೆ?"

"ನಿನ್ನಂಥೋರು ಹೋದಾಗ ಅಳಿಸ್ತಾರೆ, ಕೊಡ ಇಟ್ಟು ತುಂಬಿಸ್ಕೋತಾರೆ."

"ನಿಂಗೆಲ್ಲಾ ತಮಾಷೆ. ಅಲ್ಲಿ ಗಾಳಿ ದಪ್ಪ ಇರುತ್ತಂತೆ, ಎದೆ ಒಳಕ್ಕೆ ಇಳಿಯಲ್ವಂತೆ. ಲಿಮಾಕ್ಕೆ ಗಿಣ್ಣು ಒಯ್ಯೋ ಅನಕ್ಲೇತೊ ಹೇಳ್ದ."

"ಅನಕ್ಲೇತೊ ಹೊಟ್ಟೆ ದಪ್ಪ. ಗಾಳಿ ಏನ್ ಮಾಡುತ್ತೆ ಅದಕ್ಕೆ."

ಆಮೇಲೆ ಅಸಲು ಮಾತು ತೆಗೆದಳು. "ಇಸಿದ್ರೊ, ಬಿಸ್ಕತ್ತನ್ನೂ ಕರ್ಕೊಂಡ್ ಹೋದ್ರೆ ಹೆಂಗೆ? ಹುಡುಗ ಒಂದ್ಸಲ ನೋಡ್ಲಿ. ಬಸ್ಸಿನೋರಿಗೆ ಹೇಳಿ…"

"ಸರಿ. ಕಿಟಕಿ ಪಕ್ಕದ ಸೀಟು ಅದಕ್ಕೋ, ನಂಗೋ?"

ಕೈಗೆ ಸಿಕ್ಕ ಆಲೂಗಡ್ಡೆಯನ್ನು ನನ್ನ ಮೇಲೆ ಎಸೆದಳು. ಕೊನೆಗೆ ಬಿಸ್ಕತ್ತಿನ ಬೆನ್ನಿನ ಬಿಳೀ ಉಣ್ಣೆಯನ್ನು ಮಾತ್ರ ಬೇರೆಯಾಗಿ ತೆಗೆದಿಟ್ಟು ಗಂಟಿನಲ್ಲಿ ಸೇರಿಸಿದಳು. ಅವಳನ್ನು ಅಷ್ಟು ಖುಷಿಯಲ್ಲಿ ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ.

ಅಷ್ಟರಲ್ಲಿ ದೊಮಿತಿಲಳ ಮಾತು ಬದಲಾಯಿತು. ಮೊದಲು, "ಈಗ ಬೇಡಕ್ಕ, ಮುಂದಿನ ತಿಂಗಳು ಬಾ," ಅಂದಳು. ಮುಂದಿನ ತಿಂಗಳು, "ಇನ್ನೂ ಸ್ವಲ್ಪ ದಿನ ಹೋಗ್ಲಿ," ಅಂದಳು. ಹುಡುಗನಿಗೆ ಫೋನ್ ಕೊಡು ಎಂದರೆ ಮಲಗಿದ್ದಾನೆ, ಸ್ನಾನಕ್ಕೆ ಹೋಗಿದ್ದಾನೆ. ಕೆಲವು ಭಾನುವಾರ ಫೋನೇ ಎತ್ತಲಿಲ್ಲ. ಮೆಲ್ಚೋರ ಗುಡ್ಡದಿಂದ ಇಳಿದು ಬರುವಾಗ ಮುಖ ಸಣ್ಣದು ಮಾಡಿಕೊಂಡು, "ನನ್ ಪಾವಡೆ, ನನ್ ಹ್ಯಾಟು ನೋಡಿ ಅಕ್ಕಪಕ್ಕದೋರು ನಗ್ತಾರೇಂತ ನಾಚ್ಕೆ ಇರ್ಬೇಕು ಅವಳಿಗೆ. ಲಿಮಾದೋಳಲ್ವಾ ಈಗ," ಅನ್ನತೊಡಗಿದಳು.

ಆಗ ಬಂದ ಅನಕ್ಲೇತೊ. ನಮ್ಮ ಊರಿನ ಗಿಣ್ಣು ಕೊಂಡು ಲಿಮಾದಲ್ಲಿ ಮಾರುವವನು ಅವನು. ಗಿಣ್ಣಿನ ಗಟ್ಟಿಗಳನ್ನು ಕೈಯಲ್ಲಿ ತೂಗಿ ನೋಡುತ್ತಲೇ, "ಅಮ್ಮಾ ಮೆಲ್ಚೋರಾ, ಕೂದಲಿನ ಹಬ್ಬ ಆಯ್ತಂತೆ! ಊರಿಗೆ ಊಟ ಹಾಕ್ದೇ ಮುಗಿಸ್ಬಿಟ್ರಾ?" ಅಂದ.

"ಏನ್ ಹಬ್ಬ? ನಾನಿನ್ನೂ ಹೊರಟೇ ಇಲ್ವಲ್ಲ."

"ಹಂಗಾದ್ರೆ ನಿನ್ ತಂಗಿ ಮಗನ್ ತಲೆ ಬೋಳು ಮಾಡಿದ್ದು ಯಾರು? ಬಸ್ ಸ್ಟಾಪಲ್ಲಿ ಕಂಡ್ಲು, ಮಗನ್ನ ಎತ್ಕೊಂಡು ನಿಂತಿದ್ಲು. ಹುಡುಗನ ಟೋಪಿ ಜಾರ್ತು. ಒಂದು ಕೂದಲಿಲ್ಲ, ಮೊಟ್ಟೆ ಥರ ಇತ್ತು. ನಾನ್ ಕೂಗೋಷ್ಟ್ರಲ್ಲಿ ಬಸ್ ಹತ್ಬಿಟ್ಲು."

ಮೆಲ್ಚೋರ ಅವನಿಗೆ ಆ ದಿನ ಗಿಣ್ಣು ಕೊಡಲಿಲ್ಲ. ನೇರ ಒಳಗೆ ಹೋಗಿ ಗಂಟನ್ನು ಬಿಚ್ಚಿ ನೆಲದ ಮೇಲೆ ಸುರಿದಳು. ನಮ್ಮವರು ಎಷ್ಟೋ ಜನ ಲಿಮಾಕ್ಕೆ ಹೋದ ಮೇಲೆ ಹಳ್ಳಿಯ ಮದ್ರೀನಾಳನ್ನು ಬಿಟ್ಟು, ಅಂಗಡಿ ಇಟ್ಟವಳನ್ನೋ ಟೀಚರಮ್ಮನನ್ನೋ ಹಿಡಿದದ್ದುಂಟು. ಅಂಥವಳು ಅಲ್ಪಾಕ ಕೊಡುವುದಿಲ್ಲ, ಶಾಲೆಯ ಫೀಜು ಕಟ್ಟುತ್ತಾಳೆ. ಹಾಗಾಗಿ ಅವಳಿಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ.

"ಯಾವಳೋ ಸಾಹುಕಾರ್ತಿ ಸಿಕ್ಕಿದ್ದಾಳೆ. ನನ್ನ ಆರು ವರ್ಷ ಕಾಯ್ಸಿ, ಬೇರೆಯೋಳ ಕೈಗೆ ಕತ್ರಿ ಕೊಟ್ಲು!" ಎಂದು ರಿಬ್ಬನ್ನುಗಳನ್ನು ಒಲೆಗೆ ಹಾಕಲು ಹೋದಳು. ನಾನು ಕೈ ಹಿಡಿದೆ. "ಬಿಡು ಇಸಿದ್ರೊ! ನಂಗೆ ಮಕ್ಕಳಿಲ್ಲ, ಹಂಗಂತ ಹಿಂಗಾ ಮಾಡೋದು?" ಆಮೇಲೆ ಗೋಡೆಗೊರಗಿ ಕೂತು, ಮುಖಕ್ಕೆ ಶಾಲು ಮುಚ್ಚಿಕೊಂಡು ಅತ್ತಳು.

ನನಗೇನೋ ಅನಕ್ಲೇತೊ ಹೇಳಿದ ಇನ್ನೊಂದು ಮಾತು ಚುಚ್ಚುತ್ತಿತ್ತು. ಆರು ವರ್ಷದ ಹುಡುಗನನ್ನು ಯಾವ ತಾಯಿ ಎತ್ತಿಕೊಂಡು ನಿಲ್ಲುತ್ತಾಳೆ? ಮಾರುಕಟ್ಟೆಯ ಹೊತ್ತಿನಲ್ಲಿ ಅಂಗಡಿ ಬಿಟ್ಟು ಬಸ್ಸು ಹತ್ತುವಂಥದ್ದೇನಿತ್ತು ಅವಳಿಗೆ? ಅಲ್ಪಾಕ ಹುಡುಕುವ ನೆಪ ಹೇಳಿ ಒಬ್ಬನೇ ಗುಡ್ಡ ಹತ್ತಿದೆ.

ಮೂರನೇ ಸಲಕ್ಕೆ ದೊಮಿತಿಲ ಫೋನ್ ಎತ್ತಿದಳು. "ಅನಕ್ಲೇತೊ ನೋಡಿದ್ನಂತೆ," ಅಂದೆ. ಅಷ್ಟೇ. ಆ ಕಡೆಯಿಂದ ಅಳು ಬಂತು.

"ರಕ್ತದ ಕಾಯಿಲೆ ಭಾವ. ಆಸ್ಪತ್ರೇಲೇ ಇದ್ದೀವಿ. ಔಷಧಿ ಹಾಕೋಕೆ ಮುಂಚೆ ಕೂದಲು ತೆಗೆದ್ಬಿಡಿ, ಹೆಂಗೂ ಉದುರುತ್ತೆ ಅಂದ್ರು ನರ್ಸಮ್ಮ. ನಾನು ಬಿಡ್ಲಿಲ್ಲ, ನಮ್ಮಕ್ಕ ಬರ್ಬೇಕು ಅಂದೆ. ಆಮೇಲೆ ದಿಂಬಿನ ಮೇಲೆ ಗೊಂಚಲು ಗೊಂಚಲು ಬಿತ್ತು. ಎಲ್ಲಾ ಆರಿಸಿ ಬಟ್ಟೇಲಿ ಕಟ್ಟಿಟ್ಟಿದ್ದೀನಿ ಭಾವ. ಅಕ್ಕಂದಲ್ವಾ ಅದು, ಕಸಕ್ಕೆ ಹಾಕೋಕೆ ಕೈ ಬರ್ಲಿಲ್ಲ."

"ಇಷ್ಟೆಲ್ಲಾ ಆದ್ರೂ ಯಾಕಮ್ಮಾ ಹೇಳ್ಲಿಲ್ಲ?"

"ಅವನೇ ಬೇಡ ಅಂದ. ಕೂದಲಿಲ್ಲ ಅಂತ ಗೊತ್ತಾದ್ರೆ ದೊಡ್ಡಮ್ಮ ಯಾಕ್ ಬರ್ತಾಳೆ ಅಂತ. ವಾಪಸ್ ಬೆಳೆಯುತ್ತೆ ಅಂದಿದ್ರು ಡಾಕ್ಟರು. ಬೆಳೆದ್ಮೇಲೆ ಕರೆಯೋಣಮ್ಮ, ಅಲ್ಲೀವರ್ಗೂ ಹೇಳ್ಬೇಡ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡ. ಈಗ ಡಾಕ್ಟರು ಆ ಮಾತು ಆಡ್ತಿಲ್ಲ ಭಾವ. ಬರೋರಿದ್ರೆ ಬೇಗ ಬಂದ್ಹೋಗ್ಲಿ ಅಂತಾರೆ."

ನಾನು ಗುಡ್ಡ ಇಳಿದು ಬಂದೆ. ಇಳಿಯುವಾಗ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಬಾಗಿಲಲ್ಲಿ ಮರೆತುಹೋದವು. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಮೆಲ್ಚೋರ ಅಳಲಿಲ್ಲ. ತನ್ನ ಬಾಯಿಗೆ ತಾನೇ ಅಂಗೈಯಿಂದ ಹೊಡೆದುಕೊಂಡಳು. "ಈ ಬಾಯಿ. ಮುಟ್ಟಿದ್ರೆ ತಂಗಿ ಅಲ್ಲ ಅಂದ ಬಾಯಿ ಇದು. ಆ ಮಗು ಜಡೆ ಎಳಿಸ್ಕೊಂಡು, ಬೈಸ್ಕೊಂಡು ಕೂತಿತ್ತಲ್ಲೋ ನಂಗೋಸ್ಕರ." ಇನ್ನೊಮ್ಮೆ ಹೊಡೆದುಕೊಳ್ಳುವ ಮೊದಲು ಅವಳ ಕೈ ಹಿಡಿದುಕೊಂಡೆ.

ಚೆಲ್ಲಿದ್ದನ್ನೆಲ್ಲ ಮತ್ತೆ ಗಂಟು ಕಟ್ಟಿದೆವು. ಒಣಗಿಸಿದ ಆಲೂಗಡ್ಡೆ, ಹುರಿದ ಜೋಳ, ಬಿಸ್ಕತ್ತಿನ ಉಣ್ಣೆ, ರಿಬ್ಬನ್ನು. ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡು ಅವಳು ಸುಮಾರು ಹೊತ್ತು ನಿಂತಳು. ಇದು ಬೇಡವೇನೋ ಎಂದು ನನಗನ್ನಿಸುವಷ್ಟರಲ್ಲಿ ಅದನ್ನೂ ಗಂಟಿಗೆ ಸೇರಿಸಿದಳು. ನನ್ನ ತಮ್ಮನನ್ನು ಮಂದೆಗೆ ಬಿಟ್ಟು ಬೆಳಗಿನ ಲಾರಿಯಲ್ಲಿ ಪುಕಿಯೋಗೆ ಇಳಿದು ಲಿಮಾ ಬಸ್ಸಿನ ಟಿಕೆಟ್ ತೆಗೆದೆವು. ಬಸ್ಸು ಹೊರಡಲು ಇನ್ನೂ ಸಮಯವಿತ್ತು. ಅಲ್ಲಿ ಗುಡ್ಡ ಹತ್ತಬೇಕಿಲ್ಲ, ನಿಂತಲ್ಲೇ ಸಿಗ್ನಲ್.

"ಫೋನ್ ಮಾಡು. ಅವನ ಕೈಗೆ ಕೊಡೋಕ್ ಹೇಳು," ಅಂದಳು.

ಮಾಡಿಕೊಟ್ಟೆ. ಪಕ್ಕದಲ್ಲೇ ಕಿವಿಯಿಟ್ಟು ನಿಂತೆ. ಹುಡುಗನ ದನಿ ಬಾವಿಯ ತಳದಿಂದ ಬಂದಂತಿತ್ತು.

"ದೊಡ್ಡಮ್ಮಾ, ಬಿಸ್ಕತ್ತು ಏನ್ ಮಾಡ್ತಿದೆ?"

"ನಿನ್ ದೊಡ್ಡಪ್ಪನ ಹ್ಯಾಟು ತಿಂತು. ಕೇಳು, ನಾವು ಟಿಕೆಟ್ ತಗೊಂಡಾಯ್ತು. ನಾಳೆ ನಿನ್ ಹತ್ರ ಇರ್ತೀವಿ."

"ನಾಳೇನಾ?" ಅಂದ ಹುಡುಗ. ಅಳುಕುತ್ತಿದ್ದಾನೆಂದು ಇಲ್ಲಿಂದಲೇ ಗೊತ್ತಾಗುತ್ತಿತ್ತು. ಮೆಲ್ಚೋರ ಕಣ್ಣು ಮುಚ್ಚಿಕೊಂಡು, ದನಿಯಲ್ಲಿ ಒಂದಿಷ್ಟೂ ಏರುಪೇರಿಲ್ಲದಂತೆ ಕೇಳಿದಳು, "ಕೂದಲು ಹೆಂಗಿದೆಯೋ? ಚೆನ್ನಾಗಿ ಬೆಳ್ಸಿದ್ದೀಯ ತಾನೇ?"

"ಹ್ಞೂಂ ದೊಡ್ಡಮ್ಮ. ತುಂಬಾ ಉದ್ದ ಇದೆ. ಯಾರೂ ಮುಟ್ಟಿಲ್ಲ. ನೀನ್ ಬಾ."

"ಎಲ್ಲೀವರ್ಗೂ ಬಂದಿದೆ?"

"ಸೊಂಟ… ಸೊಂಟ ದಾಟಿದೆ."

"ಅಯ್ಯೋ ಕಳ್ಳ, ಅಷ್ಟುದ್ದನಾ! ಹಂಗಾದ್ರೆ ನಾನೊಬ್ಳೇ ಕತ್ತರಿಸೋಕಾಗಲ್ಲ. ದೊಡ್ಡಪ್ಪನ್ನೂ ಕರ್ಕೊಂಡ್ ಬರ್ತಿದ್ದೀನಿ. ದೊಡ್ಡ ಕತ್ರಿ ತಂದಿದ್ದೀನಿ, ಹೆದರ್ಬೇಡ."

"ಹೆದರಲ್ಲ," ಅಂದ. ಫೋನು ದೊಮಿತಿಲಳ ಕೈಗೆ ಹೋಯಿತು, ಕಟ್ಟಾಯಿತು.

ಮೆಲ್ಚೋರ ಫೋನನ್ನು ನನ್ನ ಜೇಬಿಗೆ ಹಾಕಿದಳು. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ಗಂಟನ್ನು ಬೆನ್ನಿಗೇರಿಸಿ, ಬಸ್ಸಿನ ಕಡೆ ಹೋಗದೆ ಮಾರುಕಟ್ಟೆಯ ಕಡೆ ತಿರುಗಿದಳು.

"ಎಲ್ಲಿಗೇ?" ಅಂದೆ.

"ಸೊಂಟ ದಾಟಿದೆಯಂತಲ್ಲ," ಅಂದಳು, ನನ್ನ ಮುಖ ನೋಡದೆ. "ತಂದಿರೋ ರಿಬ್ಬನ್ ಸಾಲಲ್ಲ. ಇನ್ನೂ ಸ್ವಲ್ಪ ತಗೊಳ್ಳೋಣ ಬಾ."