ಏಳು ಸಾಲು, ಐದು ಮನೆ

ಕಾರ್ಡು ಬಂದದ್ದು ಶನಿವಾರ ಮಧ್ಯಾಹ್ನ. ಪರೀಕ್ಷೆಯ ಅರ್ಜಿ ಕೊಡಲು ಅಂದು ಸಂಜೆ ಐದೇ ಕೊನೆ. ಅಮರಮ್ಮ ಹತ್ತಿ ಗಿರಣಿಯಲ್ಲಿ ಅರ್ಧ ದಿನ ರಜೆ ಕೇಳಿಕೊಂಡು, ರಾಯಚೂರಿನ ಪರೀಕ್ಷಾ ಕಚೇರಿಯ ಕಟ್ಟೆಯ ಮೇಲೆ ಕಾರ್ಡಿನ ಅಂಕಿಗಳನ್ನು ಬಿಡಿಸುತ್ತ ಕುಳಿತಳು.

ಬರೆದವಳು ಲತೀಫಾ. ಸಂಜೆ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಎಪ್ಪತ್ತೇಳರಲ್ಲಿ ಲತೀಫಾ ಮದುವೆಯಾಗಿ ಮಾನ್ವಿಗೆ ಹೋದಳು. ಅಲ್ಲಿ ಗಂಡನ ಅಣ್ಣ ಖಾಜಾಮಿಯಾ ಬರುವ ಕಾಗದ, ಹೋಗುವ ಕಾಗದ ಎರಡನ್ನೂ ಓದುತ್ತಿದ್ದ. ಹೋದ ವರ್ಷ ಅವಳ ಹಾಲ್ ಟಿಕೆಟ್ ಅವನ ಕೈಗೆ ಸಿಕ್ಕು ಒಲೆ ಸೇರಿತ್ತು. ಅದಕ್ಕೇ ಮೊನ್ನೆ ಹಬ್ಬಕ್ಕೆ ರಾಯಚೂರಿಗೆ ಬಂದಾಗ ಈ ವರ್ಷದ ಅರ್ಜಿಗೆ ಸಹಿ ಹಾಕಿ ಅಮರಮ್ಮನ ಕೈಗೆ ಕೊಟ್ಟು, "ಟಿಕೀಟು ಯಾರ ಮನಿಗೆ ಬರಬೇಕಂತ ಆಮ್ಯಾಲ ತಿಳಸ್ತೀನಿ" ಎಂದು ವಿಳಾಸದ ಜಾಗ ಖಾಲಿ ಬಿಟ್ಟಿದ್ದಳು.

ತಿಳಿಸಲು ಇಬ್ಬರೂ ಕೂಡಿ ಒಂದು ಗುಟ್ಟಿನ ಬರಹ ಹೂಡಿದ್ದರು. ಅಮರಮ್ಮ ವ್ಯಂಜನಗಳನ್ನು ಸಾಲಿಗೆ ಐದರಂತೆ ಏಳು ಸಾಲು ಬರೆದು, ಅದರ ನಕಲು ಅವಳಿಗೆ ಕೊಟ್ಟಿದ್ದಳು. ಅಕ್ಷರದ ಬದಲು ಎಷ್ಟನೆಯ ಸಾಲು, ಎಷ್ಟನೆಯ ಮನೆ ಎಂದು ಅಂಕಿ ಹಾಕುವುದು. ಗುಣಿತ, ಒತ್ತು ಓದುವವರು ಊಹಿಸಿಕೊಳ್ಳುವುದು. ಬೇರೆಯವರ ಕಣ್ಣಿಗೆ ಅದು ಕಸೂತಿಯ ಎಣಿಕೆ.

ಕಾರ್ಡಿನಲ್ಲಿ ಕುಶಲದ ಕೆಳಗೆ ಇದ್ದದ್ದು ಇಷ್ಟು: 4-1, 4-1, 4-1, 5-1, 4-1, 5-3, 6-4.

ತತತಪತಬವ.

ಸಾಲು, ಮನೆ ಅದಲುಬದಲು ಮಾಡಿದಳು. ಘಘಘಙಘಣ, ಕೊನೆಯದಕ್ಕೆ ಮನೆಯೇ ಸಿಗಲಿಲ್ಲ. ನಕಲು ಮಾಡುವಾಗ ತಾನೇ ಅಕ್ಷರ ಬಿಟ್ಟಿರಬೇಕು ಎಂದು ಮೂರು ಸಲ ವರ್ಣಮಾಲೆ ಬರೆದಳು. ಏನೂ ಬಿಟ್ಟಿರಲಿಲ್ಲ. ಅದೂ ಸಿಟ್ಟು ತರಿಸಿತು.

ಕಿಟಕಿಯಿಂದ ಗುಮಾಸ್ತ ಸಿದ್ದರಾಮಪ್ಪ ಇಣುಕಿದ. "ಏನಮ್ಮಾ, ಲಾಟರಿ ನಂಬರ್ ನೋಡಾಕತ್ತೀಯೇನು? ಐದು ನಿಮಿಷ ಅದ."

"ವಿಳಾಸ ಒಂದು ಉಳದದರೀ."

"ತನ್ನ ಮನಿ ಎಲ್ಲೈತಂತ ಗೊತ್ತಿಲ್ಲದಾಕಿ ಪರೀಕ್ಷಾ ಹೆಂಗ ಬರೀತಾಳ?"

ತನ್ನ ಮನೆಯ ವಿಳಾಸ ಬರೆದುಬಿಡಲೇ ಎಂದುಕೊಂಡಳು. ಆದರೆ ಇನ್ನೊಬ್ಬರು ಸಹಿ ಹಾಕಿದ ಅರ್ಜಿ. ಕೇಳದೆ ಬರೆಯುವುದು ಸುಳ್ಳಾಗುತ್ತದೆ ಅನ್ನಿಸಿತು. ಕೊನೆಗೆ ಸುಳ್ಳಲ್ಲದ ಒಂದೇ ವಿಳಾಸ, ಮಾನ್ವಿಯದನ್ನೇ ತುಂಬಿ ಕೊಟ್ಟಳು. ಕಿಟಕಿ ಮುಚ್ಚಿತು.

ಬಸ್‌ ನಿಲ್ದಾಣದ ಹತ್ತಿರ ಬಂದಾಗ ಹೊಳೆಯಿತು. ಲತೀಫಾ ಬಟ್ಟೆಯ ಮೇಲೆ ಹೊಲಿಗೆ ಎಣಿಸುತ್ತಿದ್ದುದು ಯಾವಾಗಲೂ ಬಲ ಅಂಚಿನಿಂದ, ಉರ್ದು ಓದುವ ಹಾಗೆ. ಕಸೂತಿಯ ಎಣಿಕೆ ಎಂದ ಮೇಲೆ ಅಕ್ಷರಗಳನ್ನೂ ಹಾಗೆಯೇ ಎಣಿಸಿದ್ದಾಳೆ. ಪ್ರತಿ ಸಾಲನ್ನೂ ಬಲಗಡೆಯಿಂದ ಎಣಿಸಿದಳು: ನನನ ಮನ ಬರ.

ನಿನ್ನ ಮನಿ ಬರಿ.

ಓಡಿದಳು. ಸಿದ್ದರಾಮಪ್ಪ ಸೈಕಲ್ ಹತ್ತುತ್ತಿದ್ದ. "ಕಟ್ಟು ಕಟ್ಟಿ ಆತು ತಂಗಿ. ಸೋಮವಾರ ಬದಲಿ ಅರ್ಜಿ ತಂದುಕೊಡು. ಸಹಿ ಮಾತ್ರ ಅಕೀದೇ ಇರಬೇಕು."

ಸೋಮವಾರದೊಳಗೆ ಕಾರ್ಡು ಮುಟ್ಟಿ ಉತ್ತರ ಬರುವುದು ಆಗದ ಮಾತು. ಎಡಗಡೆಯಿಂದ ಎಣಿಸಬೇಕು ಅಂತ ಒಂದು ಮಾತು ತಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ತನ್ನನ್ನೂ ಅವಳನ್ನೂ ಬೈದುಕೊಳ್ಳುತ್ತ ತನ್ನ ಮನೆಯ ವಿಳಾಸ ಹಾಕಿ ಬದಲಿ ಅರ್ಜಿ ಬರೆದು, ಭಾನುವಾರ ಮುಂಜಾನೆಯ ಬಸ್ಸಿಗೆ ಮಾನ್ವಿಯಲ್ಲಿ ಇಳಿದಳು.

ಬಾಗಿಲು ತೆಗೆದವನು ಖಾಜಾಮಿಯಾ. "ಯಾರು ಬೇಕಾಗಿತ್ತು?"

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ನೆಪಗಳೆಲ್ಲ ಬೇಸರ ತಂದವು. "ಲತೀಫಾರೀ. ಅಕಿ ಪರೀಕ್ಷಾದ ಕಾಗದಕ್ಕ ಒಂದು ಸಹಿ ಬೇಕು."

"ಏನ್ ಕಾಗದ, ತಾ ಇಲ್ಲಿ," ಎಂದು ಅವನು ಕೈ ಚಾಚಿದ.

ಅಮರಮ್ಮ ಹಾಳೆಯನ್ನು ಎದೆಗೆ ಒತ್ತಿಕೊಂಡಳು. "ನಿಮ್ಮ ಸಹಿ ಅಲ್ಲರೀ. ಅಕಿನ್ನ ಕರೀರಿ. ನಾ ಇಲ್ಲೇ ಕುಂದರ್ತೀನಿ."

ಹೇಳಿ, ಹೊಸ್ತಿಲ ಮೇಲೆ ಕುಳಿತೇಬಿಟ್ಟಳು.